ಹದ್ದು ರಣಹದ್ದಾದಾಗ: ಲಿಯೊನಾರ್ಡೊ ಮತ್ತು ವ್ಯಾಖ್ಯಾನದ ಶಿಸ್ತು

ಇಟಲಿಯ ಪುನರುಜ್ಜೀವನ ಕಾಲದ ಕಲಾವಿದರಲ್ಲಿ ಲಿಯೊನಾರ್ಡೊ ಡ ವಿಂಚಿಯಷ್ಟು (1452-1519) ವ್ಯಾಖ್ಯಾನಕ್ಕೆ ಒಳಗಾದವರು ವಿರಳ. ಆ ವ್ಯಾಖ್ಯಾನಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಅವಶ್ಯವಾಗಿ ಪರಿಶೀಲಿಸಬೇಕಾದದ್ದು ಸಿಗ್ಮಂಡ್ ಫ್ರಾಯ್ಡ್ 1910ರಲ್ಲಿ ಪ್ರಕಟಿಸಿದ ಲಿಯೊನಾರ್ಡೊ ಕುರಿತ ಕಿರುಗ್ರಂಥ. ಕಲಾಕೃತಿಯ ಮೂಲಕ ಕಲಾವಿದನ ಅಂತರಂಗವನ್ನು ತಲುಪುವ ಆಧುನಿಕ ವಿಮರ್ಶಾ ಮಾರ್ಗಕ್ಕೆ ಅದು ತೆರೆದ ಬಾಗಿಲು. ಆದರೆ ಅದರ ಮುಖ್ಯ ವಾದವು ಒಂದು ಪದವನ್ನು ಆಧರಿಸಿದೆ. ಆ ಪದವೇ ಅನುವಾದದ ತಪ್ಪು.

ಹಕ್ಕಿಗಳ ಹಾರಾಟವನ್ನು ಕುರಿತು ಬರೆಯುತ್ತಿದ್ದ ಲಿಯೊನಾರ್ಡೊ ನಡುವೆ ಬಾಲ್ಯದ ಒಂದು ನೆನಪನ್ನು ದಾಖಲಿಸಿದ್ದಾನೆ. ತೊಟ್ಟಿಲಲ್ಲಿದ್ದಾಗ ಒಂದು ಹಕ್ಕಿ ಬಂದು ತನ್ನ ಬಾಲದಿಂದ ಅವನ ಬಾಯಿ ತೆರೆದು, ತುಟಿಗಳ ಒಳಗೆ ಹಲವು ಬಾರಿ ಬಡಿದಂತೆ ಅವನಿಗೆ ತೋರಿತಂತೆ. ಅವನು ಬಳಸಿದ ಇಟಾಲಿಯನ್ ಪದ ‘ನಿಬ್ಬಿಯೊ’. ಅದು ಕನ್ನಡಿಗರು ಹದ್ದು ಎನ್ನುವ ಹಕ್ಕಿ. ಫ್ರಾಯ್ಡ್ ಓದಿದ ಜರ್ಮನ್ ಅನುವಾದದಲ್ಲಿ ಅದು ‘ಗೈಯರ್’, ಅಂದರೆ ರಣಹದ್ದು, ಆಗಿತ್ತು. ಕನ್ನಡದಲ್ಲಿ ಎರಡರ ನಡುವಿನ ಅಂತರ ಎರಡು ಅಕ್ಷರಗಳದು. ಫ್ರಾಯ್ಡನ ವಾದದಲ್ಲಿ ಅದು ಒಂದು ಇಡೀ ಸಂಸ್ಕೃತಿಯ ಅಂತರವಾಯಿತು.

ಪ್ರಾಚೀನ ಈಜಿಪ್ಟಿನ ಮಾತೃದೇವತೆ ಮೂತ್‌ಳ ಸಂಕೇತ ರಣಹದ್ದು. ರಣಹದ್ದುಗಳಲ್ಲಿ ಗಂಡಿಲ್ಲ, ಅವು ಗಾಳಿಯಿಂದಲೇ ಗರ್ಭ ಧರಿಸುತ್ತವೆ ಎಂಬ ಪುರಾತನ ನಂಬಿಕೆಯೂ ಇತ್ತು. ಕ್ರೈಸ್ತ ಗ್ರಂಥಕಾರರ ಮೂಲಕ ಲಿಯೊನಾರ್ಡೊ ಇದನ್ನು ಅರಿತಿದ್ದನೆಂದು ಫ್ರಾಯ್ಡ್ ಊಹಿಸಿದ. ವಿವಾಹೇತರ ಸಂಬಂಧದಲ್ಲಿ ಹುಟ್ಟಿದ ಶಿಶು ಮೊದಲ ವರ್ಷಗಳನ್ನು ತಂದೆಯಿಲ್ಲದೆ ತಾಯಿಯ ಮಡಿಲಲ್ಲೇ ಕಳೆದಿತ್ತೆಂಬ ತೀರ್ಮಾನಕ್ಕೆ ಆ ಹಕ್ಕಿಯೇ ಸಾಕ್ಷಿಯಾಯಿತು. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಚಿತ್ರದಲ್ಲಿ ಸಂತ ಆನ್ ತನ್ನ ಮಗಳು ಮೇರಿಯಷ್ಟೇ ಎಳೆಯಳಾಗಿ ಕಾಣುವುದಕ್ಕೆ, ಹೆತ್ತ ತಾಯಿ ಮತ್ತು ಮಲತಾಯಿ ಎಂಬ ಇಬ್ಬರು ತಾಯಂದಿರನ್ನು ಕಲಾವಿದ ಪಡೆದದ್ದೇ ಕಾರಣವೆಂದು ಫ್ರಾಯ್ಡ್ ವಿವರಿಸಿದ.

ತಪ್ಪು ಪದವೊಂದು ಕಣ್ಣನ್ನೂ ಹೇಗೆ ಆಳಬಲ್ಲದು ಎಂಬುದಕ್ಕೆ ಮುಂದಿನ ಪ್ರಸಂಗ ನಿದರ್ಶನ. 1913ರಲ್ಲಿ ಆಸ್ಕರ್ ಫಿಸ್ಟರ್ ಎಂಬ ಸ್ವಿಸ್ ಪಾದ್ರಿ ಅದೇ ಚಿತ್ರದಲ್ಲಿ ಮೇರಿಯ ನೀಲಿ ವಸ್ತ್ರದ ಮಡಿಕೆಗಳೊಳಗೆ ರಣಹದ್ದಿನ ಆಕಾರವನ್ನು ಕಂಡ. ಅದರ ಬಾಲದ ತುದಿ ಶಿಶುವಿನ ಬಾಯಿಯತ್ತ ಚಾಚಿದೆ ಎಂದ. 1919ರ ಆವೃತ್ತಿಯಲ್ಲಿ ಫ್ರಾಯ್ಡ್ ಇದನ್ನು ಅಡಿಟಿಪ್ಪಣಿಯಾಗಿ ಸೇರಿಸಿದ. ಕಲಾವಿದ ಬರೆಯದಿದ್ದ ಹಕ್ಕಿ ಅವನ ಚಿತ್ರದಲ್ಲಿ ಕಾಣಿಸಿಕೊಂಡಿತು. ಸಿದ್ಧಾಂತವು ಸಾಕ್ಷ್ಯವನ್ನು ಹುಡುಕುವುದಷ್ಟೇ ಅಲ್ಲ, ಕೆಲವೊಮ್ಮೆ ಸೃಷ್ಟಿಸಿಕೊಳ್ಳುತ್ತದೆ.

ಅನುವಾದದ ದೋಷವನ್ನು ಎರಿಕ್ ಮ್ಯಾಕ್ಲಗನ್ 1923ರಲ್ಲೇ ತೋರಿಸಿದ್ದ. ಆದರೆ ವಿಷಯವನ್ನು ಆಮೂಲಾಗ್ರವಾಗಿ ಪರಿಶೀಲಿಸಿದವನು ಕಲಾ ಇತಿಹಾಸಕಾರ ಮೇಯರ್ ಶಪೀರೊ. 1956ರ ಲೇಖನದಲ್ಲಿ ಅವನು ಪದವನ್ನು ತಿದ್ದಿ ಸುಮ್ಮನಾಗಲಿಲ್ಲ, ಪರಂಪರೆಯನ್ನು ಮುಂದಿಟ್ಟ. ಶಿಶುವಿನ ಬಾಯಿಗೆ ಕೀಟವೋ ಹಕ್ಕಿಯೋ ಸೋಕಿ ಭವಿಷ್ಯ ಸೂಚಿಸುವ ಕಥೆಗಳು ಪ್ರಾಚೀನ ಜೀವನಚರಿತ್ರೆಗಳಲ್ಲಿವೆ; ಪ್ಲೇಟೊವಿನ ತುಟಿಯ ಮೇಲೆ ಜೇನುನೊಣಗಳು ಕುಳಿತ ಕಥೆ ಪ್ರಸಿದ್ಧ. ಹದ್ದು ಬಾಲದಿಂದ ಹಾರಾಟವನ್ನು ನಿಯಂತ್ರಿಸುವ ಬಗೆ ಲಿಯೊನಾರ್ಡೊನ ಅಧ್ಯಯನದ ವಿಷಯವೇ ಆಗಿತ್ತು. ಇನ್ನೊಂದೆಡೆ ಅವನೇ ಹದ್ದನ್ನು ಅಸೂಯೆಯ ಸಂಕೇತವಾಗಿಸಿ, ಕೊಬ್ಬಿದ ಮರಿಗಳನ್ನು ಕುಕ್ಕುವ ಹಕ್ಕಿಯೆಂದು ಬರೆದಿದ್ದಾನೆ. ಅದು ವಾತ್ಸಲ್ಯಮಯಿ ಮಾತೆಯ ಚಿತ್ರವಲ್ಲ. ಸಂತ ಆನ್, ಮೇರಿ, ಶಿಶು ಮೂವರನ್ನೂ ಒಟ್ಟಿಗೆ ಚಿತ್ರಿಸುವ ಪದ್ಧತಿ ಲಿಯೊನಾರ್ಡೊಗಿಂತ ಹಿಂದಿನದು; ಆ ಕಾಲದಲ್ಲಿ ಆನ್‌ಳ ಆರಾಧನೆ ಯುರೋಪಿನಲ್ಲಿ ವ್ಯಾಪಕವಾಗಿತ್ತು. ಕಲಾವಿದನ ಖಾಸಗಿ ಗಾಯವೆಂದು ಫ್ರಾಯ್ಡ್ ಓದಿದ್ದರಲ್ಲಿ ಬಹುಪಾಲು ಸಮುದಾಯದ ಭಾಷೆಯಾಗಿತ್ತು.

ಇಷ್ಟರಿಂದ ಫ್ರಾಯ್ಡನನ್ನು ನಗೆಪಾಟಲಾಗಿಸಿ ಪುಸ್ತಕ ಮುಚ್ಚುವುದು ಸುಲಭ. ಅದು ಇನ್ನೊಂದು ಬಗೆಯ ಸೋಮಾರಿತನ. ತನ್ನ ಬರಹವನ್ನು ಮನೋವಿಶ್ಲೇಷಣಾತ್ಮಕ ಕಾದಂಬರಿ ಎಂದು ಯಾರಾದರೂ ಕರೆಯಬಹುದೆಂಬ ಅರಿವು ಫ್ರಾಯ್ಡನಿಗೇ ಇತ್ತು. ಶಪೀರೊ ಕೂಡ ಮನೋವಿಶ್ಲೇಷಣೆಯನ್ನು ನಿರಾಕರಿಸಲಿಲ್ಲ. ಚರಿತ್ರೆಯನ್ನು ಬಿಟ್ಟ ಅದರ ಪ್ರಯೋಗವನ್ನು ಪ್ರಶ್ನಿಸಿದ. ಇಷ್ಟೊಂದು ನೆನಪುಗಳಲ್ಲಿ ಲಿಯೊನಾರ್ಡೊ ಇದನ್ನೇ ಏಕೆ ಆಯ್ದು ಬರೆದ, ಸಂಪ್ರದಾಯದ ಮೂರ್ತಿಗಳನ್ನು ಒಂದೇ ದೇಹವೆಂಬಂತೆ ಏಕೆ ಹೆಣೆದ ಎಂಬ ಪ್ರಶ್ನೆಗಳು ಇನ್ನೂ ಉಳಿದಿವೆ. ಉತ್ತರ ಬಿದ್ದುಹೋದರೂ ಪ್ರಶ್ನೆ ಬೀಳಲಿಲ್ಲ.

ಉತ್ತರಿಸುವ ಕ್ರಮಕ್ಕೆ ಒಂದು ಮಾದರಿ ಲಿಯೊನಾರ್ಡೊನ ಜೀವಿತಕಾಲದಲ್ಲೇ ದೊರೆಯುತ್ತದೆ. 1501ರ ಏಪ್ರಿಲ್‌ನಲ್ಲಿ ಪಿಯೆತ್ರೊ ದ ನೊವೆಲ್ಲಾರ ಎಂಬ ಕಾರ್ಮೆಲೈಟ್ ಸನ್ಯಾಸಿ ಫ್ಲಾರೆನ್ಸಿನಿಂದ ಇಸಬೆಲ್ಲಾ ದೆಸ್ತೆಗೆ ಬರೆದ ಪತ್ರದಲ್ಲಿ ಇದೇ ವಸ್ತುವಿನ ಒಂದು ರೇಖಾಚಿತ್ರವನ್ನು ವರ್ಣಿಸಿದ್ದಾನೆ. ಶಿಶು ಕುರಿಮರಿಯನ್ನು ಹಿಡಿಯುತ್ತಿದೆ, ಮೇರಿ ಬಿಡಿಸಲೆತ್ನಿಸುತ್ತಿದ್ದಾಳೆ, ಆನ್ ಮಗಳನ್ನು ತಡೆಯುವಂತಿದ್ದಾಳೆ. ಮೊದಲು ಕಂಡದ್ದನ್ನು ಹೇಳಿ, ಅನಂತರ ಅವನು ಅರ್ಥ ಹೇಳುತ್ತಾನೆ: ಕ್ರಿಸ್ತನ ಬಲಿದಾನವನ್ನು ತಡೆಯಲೊಪ್ಪದ ಧರ್ಮಸಭೆಯನ್ನು ಆನ್ ಬಹುಶಃ ಪ್ರತಿನಿಧಿಸುತ್ತಾಳೆ. ‘ಬಹುಶಃ’ ಎಂಬ ಮಾತು ಅವನ ಪತ್ರದಲ್ಲಿಯೇ ಇದೆ. ಚಿತ್ರಕಾರನ ಸಮಕಾಲೀನ, ಅದೇ ಧರ್ಮದವನು, ಚಿತ್ರವನ್ನು ಅದೇ ಊರಿನಲ್ಲಿ ಕಂಡವನು. ಅಂಥವನೂ ಅರ್ಥದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದ.

ಪಾಶ್ಚಾತ್ಯ ಸಿದ್ಧಾಂತಗಳನ್ನು ಕೃತಿಗಳಿಗೆ ಅನ್ವಯಿಸುವ ಸಂಶೋಧನ ಪ್ರಬಂಧಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ಕಲೆಯ ಇತಿಹಾಸಕ್ಕಷ್ಟೇ ಸೀಮಿತವಾದ ಪಾಠವಲ್ಲ. ಅನುವಾದದಲ್ಲಿ ಓದಿದ ಪದವನ್ನು ಮೂಲದಲ್ಲಿ ಪರೀಕ್ಷಿಸುವುದು ಮೊದಲ ಕೆಲಸ. ಕೃತಿಯಲ್ಲಿ ಪರಂಪರೆಯಿಂದ ಬಂದದ್ದನ್ನು ಗುರುತಿಸುವುದು ಎರಡನೆಯದು. ಅವೆರಡೂ ಮುಗಿದ ಮೇಲೆ ಉಳಿಯುವುದು ಕಲಾವಿದನದು. ಸಿದ್ಧಾಂತಕ್ಕೆ ಅಲ್ಲಿ ನ್ಯಾಯವಾದ ಸ್ಥಾನವಿದೆ. ಈ ಕ್ರಮ ತಲೆಕೆಳಗಾದರೆ ಪ್ರತಿಭಾವಂತನ ಕಣ್ಣಿಗೂ ಇಲ್ಲದ ಹಕ್ಕಿ ಕಾಣುತ್ತದೆ.