ಮೀಟರ್ ಸಾಯಿಸಿದ್ದು ಯಾರು?

(1/7)
ಹೋದ ವಾರದ ಸ್ಟೋರಿಗೆ ಬಂದ ರಿಪ್ಲೈಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ಆಟೋದವ್ರು ಸುಲಿಗೆ ಮಾಡ್ತಿದ್ರು, ಆ್ಯಪ್ ಬಂದು ಬುದ್ಧಿ ಕಲಿಸ್ತು." ಹಾಗಂದವರಿಗೇ ಈ ಸರಣಿ. ಕೋಪ ಬಂದ್ರೂ ಕೊನೇವರೆಗೂ ಸ್ವೈಪ್ ಮಾಡಿ, ಬೈಯೋದು ಆಮೇಲೆ ಕಾಮೆಂಟಲ್ಲಿ ಇಟ್ಕೊಳ್ಳೋಣ.

ಮೊದಲು ಒಂದು ಲೆಕ್ಕ. ಬೆಂಗಳೂರಲ್ಲಿ 2025ರ ಆಗಸ್ಟ್ 1ರಿಂದ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಅಂದ್ರೆ ಹಗಲು ಹೊತ್ತು 8 ಕಿ.ಮೀ. ಹೋದ್ರೆ 36 + 108 = 144 ರೂಪಾಯಿ. ಇದರ ಮೇಲೆ ಆ್ಯಪ್‌ನವರು ಶೇ 5 ಸೇವಾ ಶುಲ್ಕ, ಜೊತೆಗೆ ಜಿಎಸ್‌ಟಿ ತಗೋಬಹುದು ಅಂತ ರಾಜ್ಯ ಸರ್ಕಾರ 2022ರ ನವೆಂಬರ್‌ನಲ್ಲಿ ಆದೇಶ ಮಾಡ್ತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಎಲ್ಲಾ ಸೇರಿ 159ರ ಆಸುಪಾಸು.

ಈಗ ನಿಮ್ಮ ಆ್ಯಪ್ ತೆಗೆದು, ಸಂಜೆ ಆರು ಗಂಟೆಗೆ, ಅಷ್ಟೇ ದೂರಕ್ಕೆ ಎಷ್ಟು ತೋರಿಸುತ್ತೆ ನೋಡಿ. ಕಾಯ್ತೀನಿ.

(2/7)
ಫೋಟೋದಲ್ಲಿರೋದು ಹಳೇ ಮೀಟರ್. ಕಾನೂನು ಮಾಪನ ಇಲಾಖೆಯವರು ಪರೀಕ್ಷೆ ಮಾಡಿ ಸೀಲ್ ಹಾಕಿರೋ ಡಬ್ಬಿ. ಡ್ರೈವರ್‌ಗೂ ನನಗೂ ಒಂದೇ ಅಂಕಿ ಕಾಣುತ್ತೆ. ಅದನ್ನ ನಿಗದಿ ಮಾಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಬಹಿರಂಗವಾಗಿ, ಆದೇಶ ಹೊರಡಿಸಿ. ಇಷ್ಟು ನೆನಪಿರಲಿ.

ಹಾಗಿದ್ರೆ ಆಟೋದವರು ಮೀಟರ್ ಹಾಕದೇ ಇದ್ದಿದ್ದು ಯಾಕೆ? ಬರೀ ದುರಾಸೆ ಅಂತೀರಾ? 2013ರಲ್ಲಿ ಕನಿಷ್ಠ ದರ 25, ಕಿ.ಮೀ.ಗೆ 13 ಆಯ್ತು. ಅದು ಮತ್ತೆ ಬದಲಾಗಿದ್ದು 2021ರ ಡಿಸೆಂಬರ್‌ನಲ್ಲಿ: 30 ಮತ್ತು 15. ಎಂಟು ವರ್ಷದಲ್ಲಿ ಕಿ.ಮೀ.ಗೆ ಎರಡೇ ಎರಡು ರೂಪಾಯಿ! ಈ ಎಂಟು ವರ್ಷದಲ್ಲಿ ಗ್ಯಾಸ್ ನಿಂತಲ್ಲೇ ನಿಂತಿತ್ತಾ? ಮನೆ ಬಾಡಿಗೆ? ದರ್ಶಿನಿಯ ಮಸಾಲೆ ದೋಸೆ? ಮೀಟರ್ ಹಾಕಿದ್ರೆ ನಷ್ಟ ಅನ್ನೋ ಸ್ಥಿತಿ ತಂದಿಟ್ಟು, ಆಮೇಲೆ "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅಂದವನನ್ನ ಕಳ್ಳ ಅಂದ್ವಿ.

ಅವರೆಲ್ಲ ಸಾಧುಗಳು ಅಂತ ನಾನು ಹೇಳ್ತಿಲ್ಲ. ನಸುಕಿನಲ್ಲಿ ಮೆಜೆಸ್ಟಿಕ್‌ಗೆ ರಾತ್ರಿ ಬಸ್ಸಲ್ಲಿ ಬಂದಿಳಿದವರ ಲಗೇಜ್ ನೋಡಿ ಬಾಯಿಗೆ ಬಂದ ರೇಟ್ ಹೇಳೋದು ಸುಲಿಗೆಯೇ. ಆದ್ರೆ ದರ ಕಾಲಕಾಲಕ್ಕೆ ಪರಿಷ್ಕರಿಸೋದು, ಮೀಟರ್ ಹಾಕದವನಿಗೆ ದಂಡ ಹಾಕೋದು, ಎರಡೂ ಸರ್ಕಾರದ ಕೆಲಸ. ಎರಡನ್ನೂ ಬಿಟ್ಟಿತ್ತು. ಬೇಲಿ ಹಾಕಿ ಕಾವಲು ಬಿಟ್ಟ ಹೊಲ ಅದು. ಆ್ಯಪ್ ನುಗ್ಗಿದ್ದು ಅಲ್ಲಿ.

(3/7)
ಉಬರ್ ಭಾರತದಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, 2013ರಲ್ಲಿ. ಓಲಾ ಅದಾಗಲೇ ಇತ್ತು, ಇಲ್ಲೇ ಹುಟ್ಟಿದ ಟ್ಯಾಕ್ಸಿಫಾರ್‌ಶ್ಯೂರ್ ಕೂಡ ಇತ್ತು. 2016ರಲ್ಲಿ ಓಲಾ ಮೈಕ್ರೋ ಬಂದಾಗ ದರ ಎಷ್ಟು ಗೊತ್ತಾ? ಕಿ.ಮೀ.ಗೆ 6 ರೂಪಾಯಿ. ಏಸಿ ಕಾರು! ಆಗ ಆಟೋಗೆ 13. ನಿಮ್ಮ ಅಕ್ಕ-ಅಣ್ಣಂದಿರನ್ನ ಕೇಳಿ, ಆ ಕಾಲವನ್ನ ಸ್ವರ್ಗ ಅಂತಾರೆ.

ಸ್ವಲ್ಪ ಯೋಚಿಸಿ. ಡೀಸೆಲ್, ಕಾರಿನ ಕಂತು, ಇನ್ಶೂರೆನ್ಸ್, ಟೈರು, ಡ್ರೈವರ್ ಊಟ, ಆ್ಯಪ್ ಕಮಿಷನ್ ಎಲ್ಲಾ 6 ರೂಪಾಯಲ್ಲಿ ಹೇಗೆ ಹುಟ್ಟುತ್ತೆ? ಹುಟ್ಟಲ್ಲ. ಉಳಿದಿದ್ದನ್ನ ಹೂಡಿಕೆದಾರರು ತುಂಬ್ತಿದ್ರು. ಜಪಾನಿನ ಸಾಫ್ಟ್‌ಬ್ಯಾಂಕ್ ಓಲಾದಲ್ಲೂ ದುಡ್ಡು ಹಾಕಿತ್ತು, ಆಮೇಲೆ ಉಬರ್‌ನಲ್ಲೂ ಹಾಕ್ತು. ಉಬರ್ 2019 ಒಂದೇ ವರ್ಷದಲ್ಲಿ ಕಳ್ಕೊಂಡಿದ್ದು ಸುಮಾರು 850 ಕೋಟಿ ಡಾಲರ್. ಇದನ್ನ "ತಂತ್ರಜ್ಞಾನದಿಂದ ಅಗ್ಗ ಆಯ್ತು" ಅಂತ ಯಾರಾದ್ರೂ ಕ್ಲಾಸಲ್ಲಿ ಹೇಳಿದ್ರೆ ದಯವಿಟ್ಟು ಕೈ ಎತ್ತಿ. ಸಾಫ್ಟ್‌ವೇರ್ ಡೀಸೆಲ್ ಕುಡಿಯೋದನ್ನ ಕಮ್ಮಿ ಮಾಡಿಸಲಿಲ್ಲ. ಎದುರಾಳಿ ಸಾಯೋವರೆಗೂ ನಷ್ಟಕ್ಕೆ ಮಾರೋ ತಾಕತ್ತು ಅದು. ಟ್ಯಾಕ್ಸಿಫಾರ್‌ಶ್ಯೂರ್‌ನ ಓಲಾ 2015ರಲ್ಲಿ ಕೊಂಡ್ಕೊಂಡು ಮರುವರ್ಷ ಮುಚ್ಚಿಬಿಡ್ತು.

ಡ್ರೈವರ್‌ಗಳಿಗೆ ಸಿಗ್ತಿದ್ದ ಇನ್ಸೆಂಟಿವ್ ನೋಡಿ ಎಷ್ಟೋ ಜನ ಊರಿಂದ ಬಂದು ಸಾಲದಲ್ಲಿ ಕಾರು ತಗೊಂಡ್ರು. 2017ರ ಹೊತ್ತಿಗೆ ಇನ್ಸೆಂಟಿವ್ ಕರಗಿ, ಮುಷ್ಕರ ಶುರುವಾಯ್ತು. ಇನ್ಸೆಂಟಿವ್ ಹೋಯ್ತು, ಕಂತು ಹೋಗ್ಲಿಲ್ಲ.

(4/7)
ಇಲ್ಲಿ ಎದುರು ಪಕ್ಷದ ಒಂದು ಗಟ್ಟಿ ವಾದ ಇದೆ, ಅದನ್ನ ಮುಚ್ಚಿಡಲ್ಲ. ಆ್ಯಪ್ ಇದ್ರೆ ಗಾಡಿ ಖಾಲಿ ಸುತ್ತೋದು ಕಮ್ಮಿ. ಜುಡ್ ಕ್ರೇಮರ್ ಮತ್ತು ಅಲನ್ ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು 2016ರಲ್ಲಿ ಅಮೆರಿಕದ ಐದು ನಗರಗಳನ್ನ ನೋಡಿ, ನ್ಯೂಯಾರ್ಕ್ ಒಂದನ್ನ ಬಿಟ್ರೆ ಟ್ಯಾಕ್ಸಿಗಿಂತ ಉಬರ್ ಕಾರಲ್ಲಿ ಪ್ರಯಾಣಿಕರು ಇರೋ ಪಾಲು ಜಾಸ್ತಿ ಅಂತ ತೋರಿಸಿದ್ರು. ಒಪ್ಪೋಣ. ಲೊಕೇಶನ್ ಶೇರ್ ಮಾಡೋದು, ರಾತ್ರಿ ಮನೆಗೆ ಹೋಗೋ ಹುಡುಗೀರಿಗೆ ಅದು ಕೊಡೋ ಧೈರ್ಯ, ಅದೂ ನಿಜ.

ಆದ್ರೆ ಆ ಉಳಿತಾಯ ಎಲ್ಲಿ ಹೋಯ್ತು? ಖಾಲಿ ಓಡಾಟ ಕಮ್ಮಿ ಆದ್ರೆ ಒಂದೋ ನನಗೆ ಅಗ್ಗ ಆಗಬೇಕು, ಇಲ್ಲ ಡ್ರೈವರ್‌ಗೆ ಜಾಸ್ತಿ ಉಳೀಬೇಕು. ಮುಂದೆ ನೋಡಿ.

(5/7)
"ಬೇಗ ಗಾಡಿ ಸಿಗಬೇಕಾ? 10, 20, 30 ಸೇರಿಸಿ." ಸ್ಕ್ರೀನ್ ಮೇಲೆ ಈ ಬಟನ್ ನೋಡಿರ್ತೀರ. ಸವಾರಿಗೆ ಮುಂಚೇನೇ ಟಿಪ್ ಕೇಳೋದು ಸರಿಯಲ್ಲ ಅಂತ 2025ರ ಮೇನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಹ್ಲಾದ ಜೋಶಿ ಅವರೇ ತಕರಾರು ಎತ್ತಿದ್ರು.

ಇದು "ಮೀಟರ್ ಮೇಲೆ ಇಪ್ಪತ್ತು ಕೊಡಿ" ತಾನೇ? ಅದೇ ಮಾತು, ಬಣ್ಣದ ಬಟನ್ ಹಾಕ್ಕೊಂಡು ಬಂದಿದೆ. ಆದ್ರೆ ರಸ್ತೆಯಲ್ಲಿ ಚೌಕಾಶಿ ಮಾಡುವಾಗ ಎದುರಿಗೆ ಒಬ್ಬ ಮನುಷ್ಯ ಇದ್ದ. "ಹೋಗಪ್ಪ, ಹಿಂದಿನ ಗಾಡೀಲಿ ಬರ್ತೀನಿ" ಅನ್ನಬಹುದಿತ್ತು. ಈಗ ನೀವು ಚೌಕಾಶಿ ಮಾಡ್ತಿರೋದು ಡ್ರೈವರ್ ಜೊತೆ ಅಲ್ಲ. ಅದೇ ಬಸ್‌ಸ್ಟಾಪಲ್ಲಿ, ಅದೇ ಮಳೇಲಿ ನಿಂತಿರೋ ನಿಮ್ಮ ಕ್ಲಾಸ್‌ಮೇಟ್ ಜೊತೆ ಹರಾಜು ಕೂಗ್ತಿದ್ದೀರಿ. ಅವಳು ಎಷ್ಟು ಕೂಗಿದಳು ನಿಮಗೆ ಗೊತ್ತಿಲ್ಲ, ನಿಮ್ಮದು ಅವಳಿಗೆ ಗೊತ್ತಿಲ್ಲ. ಗೊತ್ತಿರೋದು ಆ್ಯಪ್‌ಗೆ ಮಾತ್ರ.

(6/7)
"ಈಗ ಝೀರೋ ಕಮಿಷನ್ ಅಲ್ವಾ ಮಗಾ?" ಹೌದು. ನಮ್ಮ ಯಾತ್ರಿ ಈ ದಾರಿ ತೋರಿಸ್ತು, ಕಮಿಷನ್ ಬಿಟ್ಟು 2023ರಲ್ಲಿ ದಿನಕ್ಕೆ 25 ರೂಪಾಯಿ ಶುಲ್ಕ ಇಟ್ತು. ಕಾಲು ಭಾಗ ಕಮಿಷನ್ ಕೊಟ್ಟು ಸುಸ್ತಾದ ಡ್ರೈವರ್‌ಗೆ ಇದು ನಿಜಕ್ಕೂ ಒಳ್ಳೇದು. ರ್‍ಯಾಪಿಡೋ, ಉಬರ್, ಓಲಾ ಹಿಂದೆ ಬಂದ್ವು.

ಆದ್ರೆ ಸವಾರಿಯಲ್ಲಿ ಪಾಲು ಬಿಟ್ಟ ಕಂಪನಿ ಜವಾಬ್ದಾರಿನೂ ಕೈಬಿಡ್ತು. ಉಬರ್ 2025ರ ಫೆಬ್ರವರಿಯಿಂದ ಆಟೋಗೆ ಬರೀ ದರ "ಸೂಚಿಸುತ್ತೆ". ಕೊನೇ ಮೊತ್ತ ನಿಮಗೂ ಡ್ರೈವರ್‌ಗೂ ಬಿಟ್ಟಿದ್ದು. ನಾನು ಒಂದು ಆ್ಯಪ್‌ಗೆ ಜಾಸ್ತಿ ದುಡ್ಡು ಕೇಳಿದ್ರು ಅಂತ ದೂರು ಕೊಟ್ಟಾಗ ಬಂದ ಉತ್ತರ: ಪಾವತಿ ನಮ್ಮ ಮೂಲಕ ಆಗಿಲ್ಲ. ಸವಾರಿ ಸಿಗದ ದಿನಾನೂ ಪಾಸ್ ದುಡ್ಡು ಕಟ್ಟಿರೋ ಡ್ರೈವರ್ ಕೇಳಿದ್ರೆ ಅವನಿಗೂ ಇಂಥದ್ದೇ ಉತ್ತರ. ಕಾರು ಅವನದು, ಸಾಲ ಅವನದು, ಮಳೆ ಅವನದು. ಪಾಸ್ ದುಡ್ಡು ಮಾತ್ರ ಕಂಪನೀದು.

ಇದರ ಮೇಲೆ ಕೇಂದ್ರದ 2025ರ ಮಾರ್ಗಸೂಚಿ, ಮೂಲ ದರದ ಎರಡರಷ್ಟು ತನಕ ಏರಿಸಬಹುದು ಅಂತ ರಾಜ್ಯಗಳಿಗೆ ಹೇಳಿದೆ. 2020ರಲ್ಲಿ ಈ ಮಿತಿ ಒಂದೂವರೆ ಪಟ್ಟು ಇತ್ತು.

(7/7)
ಆ್ಯಪ್ ಡಿಲೀಟ್ ಮಾಡಿ ಅಂತ ನಾನು ಹೇಳಲ್ಲ, ನನ್ನ ಫೋನಲ್ಲೇ ಮೂರಿವೆ. ಕೇಳ್ತಿರೋದು ಎರಡು. ಒಂದು, ಬುಕ್ ಬಟನ್ ಪಕ್ಕದಲ್ಲೇ ಆ ದೂರಕ್ಕೆ ಸರ್ಕಾರಿ ಮೀಟರ್ ದರ ಎಷ್ಟು ಅಂತ ದೊಡ್ಡದಾಗಿ ತೋರಿಸಬೇಕು. ಜಿಪಿಎಸ್ ಇದೆ, ದರಪಟ್ಟಿ ಇದೆ, ಗುಣಾಕಾರ ಮಾಡೋಕೆ ಎಐ ಬೇಕಾಗಿಲ್ಲ. ಇನ್ನೊಂದು, ಮೀಟರ್ ದರ ಪ್ರತಿ ವರ್ಷ ಇಂಧನ ಬೆಲೆ ನೋಡಿ ತಾನಾಗೇ ಪರಿಷ್ಕರಣೆ ಆಗಬೇಕು. ಆಗ ಡ್ರೈವರ್‌ಗೂ ಮೀಟರ್ ಹಾಕೋಕೆ ಕಾರಣ ಇರುತ್ತೆ, ಹಾಕದವನಿಗೆ ದಂಡ ಹಾಕೋಕೆ ಪೊಲೀಸರಿಗೂ ಮುಖ ಇರುತ್ತೆ.

ಈ ವಾರ ಪೂರ್ತಿ ಸಂಜೆ 5ರಿಂದ 8ರೊಳಗೆ ಆಟೋ ನೋಡುವಾಗ ಸ್ಕ್ರೀನ್‌ಶಾಟ್ ತಗೊಂಡು ಡಿಎಂ ಮಾಡಿ. ದೂರ, ಸಮಯ, ದರ ಮೂರೂ ಕಾಣ್ಬೇಕು. ಡ್ರೈವರ್ ಹೆಸರು, ಗಾಡಿ ನಂಬರ್ ಮರೆಮಾಡಿ, ಮರೀಬೇಡಿ. ಮೀಟರ್ ದರದ ಪಕ್ಕ ಇಟ್ಟು ಭಾನುವಾರ ಟೇಬಲ್ ಹಾಕ್ತೀನಿ, ಸಾರಿಗೆ ಇಲಾಖೆಯನ್ನೂ ಟ್ಯಾಗ್ ಮಾಡ್ತೀನಿ.

#ಮೀಟರ್‌ಹಾಕಿ #ಬೆಂಗಳೂರುಆಟೋ #ದರತೋರಿಸಿ