ವಿದೇಶಿಯರ ಬಂಧನ: ಎಷ್ಟು ದಿನ? ಚಿಕಿತ್ಸೆಯ ಗತಿ ಏನು?

ಹೈದರಾಬಾದಿನ ಬಾಲಾಪುರ ಸುತ್ತಮುತ್ತ, ಮ್ಯಾನ್ಮಾರ್‌ನಿಂದ ಓಡಿಬಂದ ಸಾವಿರಾರು ರೋಹಿಂಗ್ಯಾಗಳು ವರ್ಷಗಳಿಂದ ನೆಲೆಸಿದ್ದಾರೆ. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಹಾಸಿಗೆಯ ರೋಗಿ ಅಲ್ಲಿಯವರಿರಬಹುದು. ಅಂಥವರೊಬ್ಬರ ಆರೈಕೆ ನಿಮ್ಮ ಕೈಯಲ್ಲೇ ಇರಬಹುದು. ಅವರ ಬಂಧನವಾದರೆ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಬಿಡುವುದು ಯಾವಾಗ? ಅಲ್ಲಿಯವರೆಗೆ ಮಾತ್ರೆ ಕೊಡುವವರು ಯಾರು?

ಬಂಧನಕ್ಕೆ ಮಿತಿ ಇದೆಯೇ?

ಶಿಕ್ಷೆಗೆ ಇದೆ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಂತೆ, ಪಾಸ್‌ಪೋರ್ಟ್, ವೀಸಾ ಇಲ್ಲದೆ ದೇಶದೊಳಗೆ ಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಶಿಕ್ಷೆ ಮುಗಿದ ಮೇಲೆ, ಸ್ವದೇಶಕ್ಕೆ ಕಳುಹಿಸುವವರೆಗೆ ಇಟ್ಟುಕೊಳ್ಳಲು ಕಾಯ್ದೆಯಲ್ಲಿ ಇಷ್ಟೇ ದಿನ ಎಂಬ ಗಡುವಿಲ್ಲ. ಕಳುಹಿಸಬೇಕಾದರೆ ಆ ದೇಶ 'ಇವರು ನಮ್ಮವರು' ಎಂದು ಒಪ್ಪಬೇಕು. ಬಹುತೇಕ ರೋಹಿಂಗ್ಯಾಗಳನ್ನು ಮ್ಯಾನ್ಮಾರ್ ತನ್ನ ಪ್ರಜೆಗಳೆಂದೇ ಒಪ್ಪುವುದಿಲ್ಲ. ಹಾಗಾಗಿ ತಿಂಗಳುಗಳು ವರ್ಷಗಳಾಗುತ್ತವೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಇದ್ದರೂ ಬಂಧನ ತಪ್ಪುತ್ತದೆ ಎನ್ನುವಂತಿಲ್ಲ.

ಕೋರ್ಟ್‌ಗಳು ಏನು ಹೇಳಿವೆ?

ಅಸ್ಸಾಮಿನಲ್ಲಿ ವಿದೇಶಿಯರೆಂದು ಘೋಷಿತರಾಗಿ 2 ವರ್ಷ ಬಂಧನದಲ್ಲಿ ಕಳೆದವರನ್ನು ಷರತ್ತಿನ ಮೇಲೆ ಬಿಡಲು ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಸಮಯದಲ್ಲಿ, ಅವಕಾಶ ಕೊಟ್ಟಿತು. 2022ರಲ್ಲಿ ತೆಲಂಗಾಣ ಹೈಕೋರ್ಟ್, ಕುಟುಂಬದವರ ಅರ್ಜಿಯ ಮೇಲೆ, ಚೆರ್ಲಪಲ್ಲಿ ಜೈಲಿನಲ್ಲಿದ್ದ ಕೆಲವು ರೋಹಿಂಗ್ಯಾಗಳ ಬಿಡುಗಡೆಗೆ ಆದೇಶಿಸಿತು. ಎರಡೂ ಆಯಾ ಪ್ರಕರಣಕ್ಕೆ ಸಿಕ್ಕ ಪರಿಹಾರ. ಎಲ್ಲರಿಗೂ ತಾನಾಗಿ ಅನ್ವಯಿಸುವುದಿಲ್ಲ.

ಆರೋಗ್ಯಕ್ಕೆ ಏನಾಗುತ್ತದೆ?

ಸಾಮಾನ್ಯ ಕ್ಷಯರೋಗದ ಚಿಕಿತ್ಸೆ 6 ತಿಂಗಳು. ರೋಗಿ ದಿನ ಎಣಿಸುತ್ತಾ ಮಾತ್ರೆ ನುಂಗುತ್ತಾನೆ. ಬಂಧನದಲ್ಲಿ ಎಣಿಸಲು ಕೊನೆಯ ದಿನವೇ ಇಲ್ಲ. ಬಂಧನ ಉದ್ದವಾದಷ್ಟೂ ಖಿನ್ನತೆ, ಆತಂಕ, ನಿದ್ರಾಹೀನತೆ ಹೆಚ್ಚುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇತ್ತ ಕ್ಷಯ, ಸಕ್ಕರೆ ಕಾಯಿಲೆ, ಮೂರ್ಛೆರೋಗದ ಔಷಧಿ ಮಧ್ಯದಲ್ಲಿ ನಿಂತರೆ ಅಪಾಯ.

ನೀವೇನು ಮಾಡಬಹುದು?

- ಔಷಧಿ ಚೀಟಿ, ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್ ಪ್ರತಿಗಳನ್ನು ಮೊದಲೇ ತೆಗೆದಿಡಿ. ಕ್ಷಯರೋಗಿಯಾದರೆ ನಿಕ್ಷಯ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಕೇಂದ್ರದಲ್ಲಿ ಚಿಕಿತ್ಸೆ ಮುಂದುವರಿಸಲು ಅದು ಬೇಕು.
- ಬಂಧನದ ನಂತರ ವೈದ್ಯಕೀಯ ತಪಾಸಣೆ ಕಡ್ಡಾಯ. ಆ ವೈದ್ಯರಿಗೆ ಕಾಯಿಲೆ, ಔಷಧಿಯ ವಿವರ ತಲುಪಿಸಿ.
- ಕಸ್ಟಡಿಯಲ್ಲಿರುವವರಿಗೆ ವಕೀಲರ ನೆರವು ಉಚಿತ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.
- ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ, ಸಾಯುವ ಮಾತಾಡಿದರೆ ಕೂಡಲೇ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ.

ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕು ನಾಗರಿಕರಿಗಷ್ಟೇ ಸೀಮಿತವಲ್ಲ. ಬಿಡುಗಡೆಯ ದಿನ ನಿಮ್ಮ ಕೈಯಲ್ಲಿಲ್ಲದಿರಬಹುದು. ನಾಳೆಯ ಮಾತ್ರೆ ತಪ್ಪದಂತೆ ಇಂದೇ ಕೇಳುವುದು ನಿಮ್ಮಿಂದ ಆಗುತ್ತದೆ.