ಮೈದಾನದ ಹರಿಶ್ಚಂದ್ರ

ಕೆಲವು ತಿಂಗಳ ಹಿಂದೆ ಪ್ರೌಢಶಾಲೆಗಳ ನಡುವಣ ಕಬಡ್ಡಿ ಪಂದ್ಯಾವಳಿಯೊಂದರ ಕೊನೆಯ ಆಟವನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಬಹುಮಾನ ವಿತರಣೆಗೆಂದು ಕರೆದಿದ್ದರು. ಆಟ ಮುಗಿಯಲು ಕೆಲವೇ ಗಳಿಗೆಗಳಿದ್ದವು. ಎರಡು ತಂಡಗಳ ಅಂಕಗಳೂ ಸಮನಾಗಿದ್ದವು. ದಾಳಿಗೆ ಬಂದವನ ಬೆರಳು ತನ್ನ ತೋಳಿಗೆ ತಗುಲಿತೆಂದು ಎದುರು ತಂಡದ ಬಾಲಕನೊಬ್ಬ ತಾನಾಗಿಯೇ ಕೈಯೆತ್ತಿ ಅಂಕಣದಿಂದ ಹೊರನಡೆದ. ಆ ಸ್ಪರ್ಶ ತೀರ್ಪುಗಾರರ ಕಣ್ಣಿಗೆ ಬಿದ್ದಿರಲಿಲ್ಲ. ಅದೊಂದು ಅಂಕದಿಂದ ಅವನ ತಂಡ ಸೋತಿತು. ತರಬೇತಿ ಕೊಟ್ಟ ಮೇಷ್ಟರು ಎಲ್ಲರೆದುರಿಗೆ ಗದರಿದರು: “ಯಾರೂ ನೋಡಿರಲಿಲ್ಲವಲ್ಲೊ! ಸತ್ಯಹರಿಶ್ಚಂದ್ರನಾಗು ಎಂದು ನಿನಗೆ ಹೇಳಿದವರು ಯಾರು?”

ಹುಡುಗ ತಲೆ ತಗ್ಗಿಸಿ ನಿಂತ. ಆ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಹೇಳಿದವರು ನಾವೇ, ತರಗತಿಯಲ್ಲಿ ನಿಂತು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಪಾಠ ಹೇಳುವ ನಾವೇ. ತರಗತಿಯಲ್ಲಿ ಆದರ್ಶವಾದ ಹೆಸರು ಮೈದಾನದಲ್ಲಿ ಬೈಗುಳವಾಗುವುದಾದರೆ, ಎರಡು ಪಾಠಗಳಲ್ಲಿ ಯಾವುದನ್ನು ಮಗು ನಂಬಬೇಕು?

ಆ ಕಾವ್ಯದ ಆರಂಭದಲ್ಲಿ ಬರುವ ಒಂದು ಪ್ರಸಂಗವನ್ನು ನಾವು ಅವಸರದಿಂದ ದಾಟಿಬಿಡುವುದುಂಟು. ಇಂದ್ರನ ಸಭೆಯಲ್ಲಿ ವಿಶ್ವಾಮಿತ್ರನೊಡನೆ ವಾದಕ್ಕೆ ನಿಂತ ವಸಿಷ್ಠ, ಹರಿಶ್ಚಂದ್ರ ಸುಳ್ಳಾಡಿದರೆ ತನ್ನ ಋಷಿತ್ವವನ್ನೇ ತೊರೆಯುವುದಾಗಿ ಪ್ರತಿಜ್ಞೆ ಮಾಡುತ್ತಾನೆ. ಅವನು ಪಣವಾಗಿಟ್ಟದ್ದು ಶಿಷ್ಯನ ಜಯದ ಮೇಲಲ್ಲ, ಶಿಷ್ಯನ ಸತ್ಯದ ಮೇಲೆ. ಹರಿಶ್ಚಂದ್ರ ರಾಜ್ಯವನ್ನು ಕಳೆದುಕೊಂಡ, ಸುಡುಗಾಡನ್ನು ಕಾದ. ಆದರೆ ಗುರುವಿನ ಪಣ ಸೋಲಲಿಲ್ಲ. ಮಕ್ಕಳಿಗೆ ಆಟ ಕಲಿಸುವ ಪ್ರತಿಯೊಬ್ಬನೂ ತನ್ನ ಮಾನವನ್ನು ಎಲ್ಲಿ ಪಣವಾಗಿಟ್ಟಿದ್ದೇನೆಂದು ಒಮ್ಮೆ ಕೇಳಿಕೊಳ್ಳಬೇಕು.

ಆ ಮೇಷ್ಟರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಗೆದ್ದ ಫಲಕ ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟನ್ನು ಸೇರುತ್ತದೆ. ಸೋತು ಬಂದ ವರ್ಷ ಮೇಷ್ಟರಿಗೆ ಪ್ರಶ್ನೆಗಳು ಎದುರಾಗುತ್ತವೆ. ಕ್ರೀಡಾ ಪ್ರಮಾಣಪತ್ರದಿಂದ ಕಾಲೇಜಿನ ಸೀಟೋ ನೌಕರಿಯೋ ದೊರೆಯಬಹುದೆಂದು ತಂದೆತಾಯಿಗಳೂ ಅಂಚಿನಲ್ಲಿ ನಿಂತು ಕೂಗುತ್ತಾರೆ. ಗೆಲುವನ್ನು ಮಾತ್ರ ಅಳೆಯುವ ತಕ್ಕಡಿಯನ್ನು ಅವರ ಕೈಗೆ ಕೊಟ್ಟವರು ಉಳಿದ ಹಿರಿಯರಾದ ನಾವು.

ಈ ಅಳತೆಯ ಫಲವನ್ನು ಕಿರಿಯರ ಕ್ರಿಕೆಟ್ಟಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಭಾರತದ 19 ವರ್ಷದೊಳಗಿನವರ ತಂಡಕ್ಕೆ ತರಬೇತುದಾರರಾಗಿದ್ದ ನಮ್ಮ ರಾಹುಲ್ ದ್ರಾವಿಡ್, 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ವಯಸ್ಸನ್ನು ಮರೆಮಾಚುವ ರೋಗವನ್ನು ಕುರಿತು ಕಠಿಣವಾಗಿ ಮಾತನಾಡಿದರು. ತಂದೆಯೋ ತರಬೇತುದಾರನೋ ಮಗುವಿನ ಜನ್ಮದಿನಾಂಕವನ್ನು ತಿದ್ದುವಲ್ಲಿ ಇದು ಹುಟ್ಟುತ್ತದೆ ಎಂಬುದು ಅವರ ಮಾತಿನ ಸಾರ. ಹಾಗೆ ಬಂದವನು ಮೇಲೇರುವುದು ಪ್ರತಿಭೆಯಿಂದಲೇ ಎನ್ನುವಂತಿಲ್ಲ. ಎರಡು ವರ್ಷ ಹೆಚ್ಚು ಬಲಿತ ಮೈಯಿಂದ. ಅವನಿಂದ ಸ್ಥಾನ ಕಳೆದುಕೊಂಡ ನಿಜವಯಸ್ಸಿನ ಹುಡುಗ ಆಟವನ್ನೇ ಬಿಟ್ಟುಬಿಡಬಹುದು. ಇಂದು ಕಿರಿಯ ಆಟಗಾರರ ಮಣಿಕಟ್ಟಿನ ಮೂಳೆಗಳಿಗೆ ಕ್ಷ-ಕಿರಣ ಹಾಯಿಸಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಹಿರಿಯರ ಮಾತನ್ನು ನಂಬಲಾಗದೆ ಮಗುವಿನ ಮೂಳೆಯನ್ನು ಸಾಕ್ಷಿಗೆ ಕರೆಯಬೇಕಾಗಿ ಬಂದಿರುವುದು ನಮಗೆ ಗೌರವದ ಸಂಗತಿಯೇನೂ ಅಲ್ಲ.

ಇದೇ ದ್ರಾವಿಡರ ಇನ್ನೊಂದು ನಡತೆಯೂ ಸ್ಮರಣೀಯವಾದುದು. 2018ರ ಫೆಬ್ರವರಿಯಲ್ಲಿ ಅವರ ಹುಡುಗರು ನ್ಯೂಜಿಲೆಂಡಿನಲ್ಲಿ ವಿಶ್ವಕಪ್ ಗೆದ್ದಾಗ, ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ ರೂಪಾಯಿಗಳನ್ನೂ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ದುಡಿದವರಲ್ಲಿ ಈ ತಾರತಮ್ಯ ಸಲ್ಲದೆಂದು ಅವರು ಹೇಳಿದ ಮೇಲೆ ಎಲ್ಲರಿಗೂ 25 ಲಕ್ಷ ಎಂದಾಯಿತು. ಅವರ ಪಾಲು ಅರ್ಧಕ್ಕಿಳಿಯಿತು. ಕ್ರೀಡಾಮನೋಭಾವವೆಂದರೆ ಏನೆಂದು ಅಂದು ಆ ಹುಡುಗರಿಗೆ ಉಪನ್ಯಾಸದ ಅಗತ್ಯವಿರಲಿಲ್ಲ. ಗುರುವಿನ ನಡತೆಯೇ ಅವರ ಕಣ್ಣೆದುರಿಗಿತ್ತು.

ಆ ಸಂಜೆ ಉಪನ್ಯಾಸ ಕೊಟ್ಟವನು ನಾನು. ಗೆದ್ದವರಿಗೆ ಫಲಕವನ್ನಿತ್ತು, ಸೋಲುಗೆಲುವುಗಳನ್ನು ಸಮನಾಗಿ ಕಾಣಬೇಕೆಂದು ಹತ್ತು ನಿಮಿಷ ಮಾತನಾಡಿದೆ. ಆ ಹುಡುಗ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅವನನ್ನು ವೇದಿಕೆಗೆ ಕರೆದು, “ನೀನು ಮಾಡಿದ್ದು ಸರಿ” ಎನ್ನುವ ಒಂದು ವಾಕ್ಯವನ್ನು ನಾನು ಆಡಲಿಲ್ಲ. ಸಹೋದ್ಯೋಗಿಯೊಬ್ಬರ ಮನಸ್ಸು ನೊಂದೀತೆಂಬ ದಾಕ್ಷಿಣ್ಯ ನನ್ನನ್ನು ತಡೆಯಿತು. ಗದರಿದವರು ಒಂದು ಪಾಠ ಕಲಿಸಿದರು. ಸುಮ್ಮನಿದ್ದ ನಾನು ಅದಕ್ಕೆ ರುಜು ಹಾಕಿದೆ.

ಪಂದ್ಯ ಮುಗಿಸಿ ಮನೆಗೆ ಬಂದ ಮಗುವನ್ನು ನಾವು ಮೊದಲು ಕೇಳುವುದು “ಗೆದ್ದೆಯಾ?” ಎಂದು. “ಹೇಗೆ ಆಡಿದೆ?” ಎಂದು ಕೇಳುವ ರೂಢಿ ಬಂದರೆ, ಮುಂದೊಂದು ದಿನ ಕೈಯೆತ್ತಿ ಹೊರನಡೆಯುವ ಹುಡುಗ ತಲೆ ತಗ್ಗಿಸಬೇಕಾಗುವುದಿಲ್ಲ.